ಮೇಷ್ಟ್ರು ಕರೆದ ಹೆಸರು

ಹುಲ್ಲಹಳ್ಳಿ ಅನಂತಯ್ಯ ಬೆನ್ನಿನಲ್ಲೇ ಅಳಬಲ್ಲ ನಟ ಎಂದು ಗಿರಿಜಾಂಬ ಹೇಳುತ್ತಿದ್ದರು. ಬೇರೆಯವರು ಅಳಬೇಕಾದರೆ ಕ್ಯಾಮೆರಾ ಮೂಗಿನ ತುದಿಗೆ ಬರಬೇಕು, ಹಿಂದೆ ಪಿಟೀಲು ಕುಯ್ಯಬೇಕು, ಕಣ್ಣಿಗೆ ಗ್ಲಿಸರಿನ್ ಬೀಳಬೇಕು. ಅನಂತಯ್ಯನಿಗೆ ಅದೇನೂ ಬೇಡ. 'ಕಲ್ಲುಸೇತುವೆ' ಸಿನಿಮಾದಲ್ಲಿ ಮಗ ಸತ್ತ ಸುದ್ದಿ ಬಂದಾಗ ಆತ ಗೋಡೆಗೆ ಮುಖ ಮಾಡಿ ನಿಂತು ಶಲ್ಯ ಮಡಚುತ್ತಾನೆ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಾನೆ. ಅಷ್ಟೇ.

"ನೋಡೇ, ಈಗ ಆ ಎಡಗಡೆ ಭುಜ ನೋಡು. ಇಳೀತಾ? ಅಲ್ಲೇ ಕಣೇ ಅವನು ಅಳ್ತಿರೋದು," ಎಂದು ಮಗಳ ಮೊಣಕೈ ತಿವಿಯುತ್ತಿದ್ದರು. ಆ ಮೊಣಕೈ ಈ ತಿವಿತಕ್ಕೆ ಬಾಲ್ಯದಿಂದಲೂ ಪಳಗಿತ್ತು.

ಗಿರಿಜಾಂಬನವರ ಮಟ್ಟಿಗೆ ಲೋಕದಲ್ಲಿ ನಟರು ಎರಡೇ ಬಗೆ. ಅನಂತಯ್ಯ ಒಂದು, ಮಿಕ್ಕವರೆಲ್ಲ ಸೇರಿ ಇನ್ನೊಂದು. 'ಅಮಲ್ದಾರರ ಅಳಿಯ'ದಲ್ಲಿ ಒಂದು ಲೋಟ ಕಾಫಿಯನ್ನು ಬೇಡ ಬೇಡ ಎನ್ನುತ್ತಲೇ ಅದನ್ನು ನೋಡುವ ಅವನ ನೋಟಕ್ಕೆ ಎಪ್ಪತ್ತು ದಾಟಿದ ಮೇಲೂ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೇಡಿಗನ ಪಾತ್ರದಲ್ಲಿ ಅವನು ದನಿ ಏರಿಸಿದ್ದೇ ಇಲ್ಲ. ಕೂಗಾಡುವವನಿಗೆ ಯಾರು ಹೆದರುತ್ತಾರೆ, ಮೆಲ್ಲಗೆ ಮಾತಾಡಿ ಬಾಗಿಲ ಚಿಲಕ ಹಾಕುವವನಿಗೆ ಹೆದರಬೇಕು ಎನ್ನುವುದು ಅವರ ವಾದ. ಆದರೆ ಇವೆಲ್ಲಕ್ಕೂ ಮೇಲಿನ ಮಾತು 'ಮೇಷ್ಟ್ರ ಬಾಡಿಗೆ ಮನೆ'. ಟೀವಿಯಲ್ಲಿ ವಾರಕ್ಕೊಂದು ಕಂತು ಬರುತ್ತಿದ್ದ ಧಾರಾವಾಹಿ. ತಾಯಿಯಿಲ್ಲದ ಮಗಳನ್ನು ಸಾಕುವ ಶಾಲಾ ಮೇಷ್ಟ್ರು ಅನಂತಯ್ಯ. ಕಂತಿನ ಮೇಲೆ ಕಂತು ಮಗಳನ್ನು "ಪುಟ್ಟೀ" ಎಂದೇ ಕರೆಯುವ ಮೇಷ್ಟ್ರು, ಅವಳು ಮೊದಲ ಕೆಲಸಕ್ಕೆಂದು ಊರು ಬಿಡುವ ಕೊನೆಯ ಕಂತಿನಲ್ಲಿ ಹೊಸ್ತಿಲ ಮೇಲೆ ನಿಲ್ಲುತ್ತಾರೆ. ಏನು ಹೇಳಬೇಕೋ ತೋಚದೆ, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಅವಳ ಪೂರ್ತಿ ಹೆಸರನ್ನು ಮೊದಲ ಬಾರಿಗೆ ಕೂಗುತ್ತಾರೆ. ಮಗಳು ತಿರುಗಿ "ಹಾಜರ್ ಸಾರ್" ಎನ್ನುತ್ತಾಳೆ.

ಆ ಸಂಜೆ ಗಿರಿಜಾಂಬ ತುಂಬು ಬಸುರಿ. ಮೈಸೂರಿನ ನಜರ್‌ಬಾದಿನ ಆ ವಠಾರಕ್ಕೆಲ್ಲ ಇದ್ದದ್ದು ಇವರ ಮನೆಯದೊಂದೇ ಟೀವಿ. ಅಷ್ಟೂ ಜನರ ಮುಂದೆ ಅವರು ಹೊಟ್ಟೆಯ ಮೇಲೆ ಕೈಯಿಟ್ಟು, ಹೆಣ್ಣಾದರೆ ಇದೇ ಹೆಸರು ಎಂದು ಸಾರಿಬಿಟ್ಟರು. ಹಾಗೆ ಹುಟ್ಟಿದವಳು ಇಂಚರ.

ಆ ಧಾರಾವಾಹಿಯ ಟೇಪುಗಳೆಲ್ಲ ನಿರ್ಮಾಪಕರ ಗೋದಾಮಿನ ಬೆಂಕಿಯಲ್ಲಿ ಬೂದಿಯಾಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ನೋಡಿದವರ ತಲೆಯಲ್ಲಿ ಮಾತ್ರ. ಹಾಗಾದರೆ ತಲೆಯಿಂದಲೇ ಯಾಕೆ ತೆಗೆಯಬಾರದು?

ಇದು ತಮಾಷೆಯ ಪ್ರಶ್ನೆಯಂತೆ ಕೇಳಿದರೂ ಇದಕ್ಕೊಂದು ಯಂತ್ರವೇ ಹುಟ್ಟಿಕೊಂಡಿತು. ಮೈಸೂರಿನ ಹೊರವಲಯದ ಬಿಂಬಾಲಯ ಎಂಬ ಸಂಶೋಧನಾಲಯದಲ್ಲಿ ನರವಿಜ್ಞಾನಿ ಯತಿರಾಜ್ ಅದನ್ನು ಕಟ್ಟಿದರು. ಮಿದುಳಿನ ಸಂಕೇತಗಳನ್ನು ಚಿತ್ರವಾಗಿ ಬಿಡಿಸುವ ಲೆಕ್ಕಾಚಾರ ಬರೆದವಳು ಇಂಚರ. ನೆನಪು ಎನ್ನುವುದು ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯಿದ್ದ ಹಾಗೆ. ಬೇಕೆಂದಾಗ ಹೊರತೆಗೆದು, ಬಿಡಿಸಿ ನೋಡಿ, ಮತ್ತೆ ಮಡಚಿ ಒಳಗಿಡಬೇಕು. ಮಿದುಳು ಪ್ರತಿ ಸಲವೂ ಹಾಗೆಯೇ ಮಾಡುತ್ತದೆ. ಸೀರೆ ಬಿಚ್ಚಿಕೊಂಡಿರುವ ಆ ಅರೆಗಳಿಗೆಯನ್ನು ಯಂತ್ರ ಹಿಡಿದು ನಿಲ್ಲಿಸಿ, ನೆರಿಗೆ ನೆರಿಗೆಯನ್ನೂ ಓದಿ, ಪರದೆಯ ಮೇಲೆ ಮೂಡಿಸುತ್ತದೆ. ಬರೀ ಓದುತ್ತದೆ, ಏನನ್ನೂ ಮುಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ.

ಇಂಚರ ತಾನೇ ಅಮ್ಮನನ್ನು ಕರೆದುಕೊಂಡು ಹೋದಳು. ಊರಿಗೆಲ್ಲ ಉಪಕಾರ ಮಾಡುವ ಯಂತ್ರ, ಮನೆಯಲ್ಲೇ ಇಂಥ ಅಭಿಮಾನಿಯನ್ನಿಟ್ಟುಕೊಂಡು ಬೇರೆಯವರನ್ನು ಹುಡುಕುವುದೇ? ಗಿರಿಜಾಂಬ ಮದುವೆಗೆ ಹೊರಟವರ ಹಾಗೆ ಮೈಸೂರು ಸಿಲ್ಕ್ ಉಟ್ಟು, ಯಂತ್ರಕ್ಕೆ ಅಡ್ಡಿ, ತಲೆಗೆ ಹೂ ಮುಡಿಯಬಾರದು ಎಂದು ಹೇಳಿಸಿಕೊಂಡು, ಸಿಡುಕುತ್ತಲೇ ಯಂತ್ರದ ಶಿರಸ್ತ್ರಾಣದೊಳಗೆ ತಲೆ ತೂರಿಸಿದರು.

ಪರದೆಯ ಮೇಲೆ ಮೊದಲು ಮಂಜು. ಆಮೇಲೆ ಒಂದು ಜಗಲಿ, ಜಗಲಿಯ ಮೇಲೆ ಕೊಡೆ ಬಿಡಿಸಿ ಒಣಗಿಸುತ್ತಿರುವ ಮೇಷ್ಟ್ರು. ಅನಂತಯ್ಯನ ಆ ಕತ್ತು, ಆ ನಿಲುವು! ಪಕ್ಕದಲ್ಲಿದ್ದ ರಿಹಾನಾ ಚಪ್ಪಾಳೆ ತಟ್ಟಿಬಿಟ್ಟಳು. ನಿಯಂತ್ರಣ ಕೊಠಡಿಯ ಯಂತ್ರಚಾಲಕಿ ಅವಳು. ಮರುಕ್ಷಣವೇ ಅವಳ ಹುಬ್ಬು ಗಂಟಿಕ್ಕಿತು. ಮೇಷ್ಟ್ರ ಮಾತಿನ ಮಧ್ಯೆ ಕುಕ್ಕರ್ ಸೀಟಿ ಹೊಡೆಯಿತು. ಯಾವುದೋ ಮಗು ಚೀರಿತು. ಆಮೇಲೆ ಗಂಡಸಿನ ದನಿಯೊಂದು, ಬಹಳ ಹತ್ತಿರದಿಂದ ಕೇಳಿಸಿತು. "ಗಿರಿಜಾ, ಏಳ್ಬೇಡ. ಕಾಫಿ ನಾನೇ ಮಾಡ್ತೀನಿ."

"ಮೇಡಂ, ಈ ಗಲಾಟೆ ಎಲ್ಲ ಆಮೇಲೆ ಕ್ಲೀನ್ ಮಾಡ್ತೀನಿ," ಎಂದಳು ರಿಹಾನಾ.

ಇಂಚರ ಅವಳ ಕೈ ಹಿಡಿದುಕೊಂಡಳು. ಇಂಚರಳ ತಂದೆ ಸದಾಶಿವಯ್ಯ ತೀರಿಕೊಂಡಾಗ ಅವಳಿನ್ನೂ ತೊದಲುತ್ತಿದ್ದ ಮಗು. ಮನೆಯಲ್ಲಿ ಅವರದೊಂದು ಫೋಟೋ ಇತ್ತು, ದನಿ ಇರಲಿಲ್ಲ. "ಅಳಿಸ್ಬೇಡ ರಿಹಾನಾ. ಅದು ನಮ್ಮಪ್ಪ," ಎಂದಳು.

ಆ ದನಿಯ ಆಸೆಗೇ ಎರಡನೆಯ ಕಂತು, ಮೂರನೆಯ ಕಂತು ಆದವು ಎನ್ನಬೇಕು. ಅಮ್ಮನಿಗೆ ಅನಂತಯ್ಯ ಬೇಕು, ಮಗಳಿಗೆ ಅಪ್ಪ ಬೇಕು. ಇಬ್ಬರೂ ಖುಷಿಯಾಗಿದ್ದರು.

ದೇವೀರಮ್ಮ ಬಿಂಬಾಲಯಕ್ಕೆ ಬಂದದ್ದು ಆ ದಿನಗಳಲ್ಲೇ. ಶ್ರೀರಂಗಪಟ್ಟಣದ ಕಡೆಯ ಹೆಂಗಸು. ಗಂಡ ಚಲುವಯ್ಯ ಸಿನಿಮಾ ಟೆಂಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು, ಅನಂತಯ್ಯನ ಕಳೆದುಹೋದ ಸಿನಿಮಾವೊಂದನ್ನು ಇಡಿಯಾಗಿ ಯಂತ್ರಕ್ಕೆ ಕೊಟ್ಟವರು. ದೇವೀರಮ್ಮ ಕುರ್ಚಿಯಲ್ಲಿ ಕೂರಲೂ ಇಲ್ಲ.

"ಅವ್ವಾ, ನಮ್ಮೆಜಮಾನ್ರಿಗೆ ನೀವೇನ್ ಮಾಡುದ್ರಿ?" ಎಂದರು.

"ಯಾಕಮ್ಮ, ಹುಷಾರಿಲ್ವಾ?"

"ಹುಷಾರವ್ರೆ. ಉಣ್ತಾರೆ, ತಿಂತಾರೆ. ಆ ಸಿನಿಮಾದಾಗೇ ಕಣವ್ವಾ ಅವ್ರು ನನ್ನ ಮೊದಲು ನೋಡಿದ್ದು. ಟಿಕೀಟು ಹರಿದು ಅರ್ಧ ನನ್ ಕೈಗೆ ಕೊಟ್ಟು ಇನ್ನರ್ಧ ಜೋಬಲ್ ಮಡಗ್ಕಂಡಿದ್ರು. ಅದ್ನೇ ನೂರ್ ಸಲ ಹೇಳಿ ನಗಾಡೋರು. ಮೊನ್ನೆ ನಾನೇ ತೆಗೆದೆ ಆ ಮಾತ. ಪಿಳಿಪಿಳಿ ನೋಡುದ್ರು. 'ನೀವು ಯಾರ ಪೈಕಿ?' ಅಂದ್ರು." ದೇವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನ, ಕಣವ್ವಾ. ನನ್ನೇ 'ನೀವು' ಅಂದ್ರು."

ವಯಸ್ಸಾದ ಮೇಲೆ ಮರೆವು ಸಹಜ ಎಂದು ಯತಿರಾಜ್ ಸಮಾಧಾನ ಹೇಳಿ ಕಳಿಸಿದರು. ಇಂಚರ ಮಾತ್ರ ಅಂದು ಬೇಗನೆ ಮನೆಗೆ ಹೊರಟಳು.

ಗಿರಿಜಾಂಬ ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತ ಟೀವಿ ನೋಡುತ್ತಿದ್ದರು. ಬಿಂಬಾಲಯದವರು ಕೊಟ್ಟಿದ್ದ ಅವರದೇ ಮೊದಲ ಕಂತು ಓಡುತ್ತಿತ್ತು. ಮೇಷ್ಟ್ರು ಕೊಡೆ ಒಣಗಿಸುತ್ತಿದ್ದರು. ಇಂಚರ ಪಕ್ಕದಲ್ಲಿ ಕುಳಿತು ಅಭ್ಯಾಸಬಲದಿಂದ ಮೊಣಕೈಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ತಿವಿತ ಬೀಳಲಿಲ್ಲ.

"ಯಾರೇ ಇವ್ನು?" ಎಂದರು ಗಿರಿಜಾಂಬ. "ಪರವಾಗಿಲ್ಲ, ಚೆನ್ನಾಗಿ ಮಾಡ್ತಾನೆ. ಹೊಸಬನಾ?"

ತಮಾಷೆಯಿರಬೇಕು ಎಂದು ಇಂಚರ ಅಮ್ಮನ ಮುಖ ನೋಡಿದಳು. ಅಮ್ಮ ಕಾಳುಗಳಿಂದ ಹುಳ ಹಿಡಿದಿದ್ದನ್ನು ಆರಿಸಿ ಬಿಸಾಡುತ್ತಿದ್ದರು. "ಅಮ್ಮ, ಅನಂತಯ್ಯ! ಬೆನ್ನಲ್ಲಿ ಅಳ್ತಾನಲ್ಲಮ್ಮ!"

"ಬೆನ್ನಲ್ಲಿ ಯಾರಾದ್ರೂ ಅಳ್ತಾರೇನೇ, ನೀನೊಳ್ಳೆ," ಎಂದು ಗಿರಿಜಾಂಬ ನಕ್ಕರು.

ಆಗ ಟೀವಿಯಿಂದ ಆ ದನಿ ಬಂತು. ಗಿರಿಜಾ, ಏಳ್ಬೇಡ. ಕಾಫಿ ನಾನೇ ಮಾಡ್ತೀನಿ. ಗಿರಿಜಾಂಬ ತಲೆಯೆತ್ತಿದರು. "ಇದರಲ್ಲೂ ಒಬ್ಬಳು ಗಿರಿಜಾ ಇದ್ದಾಳೆ ನೋಡು! ಗಂಡ ಒಳ್ಳೆಯವನು, ಪಾಪ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಇಂಚರ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಬಾಯಿ ಮುಚ್ಚಿಕೊಂಡು ಅತ್ತಳು. ಅಪ್ಪನ ದನಿಗಾಗಿ ತಾನು ಆಸೆಪಟ್ಟದ್ದೆಲ್ಲ ಅಮ್ಮನ ತಲೆಯಿಂದ ಕಿತ್ತು ಬಂದದ್ದು. ಯಂತ್ರ ಸೀರೆಯನ್ನು ಬರೀ ನೋಡಿರಲಿಲ್ಲ. ಮಿದುಳಿಗೆ ಅದನ್ನು ಮಡಚಿ ಒಳಗಿಡಲು ಸಮಯವನ್ನೇ ಕೊಡದೆ, ಅದರ ಸೆರಗಿಗೆ ಅಂಟಿಕೊಂಡಿದ್ದುದನ್ನೆಲ್ಲ ಸೇರಿಸಿ ಎಳೆದುಕೊಂಡಿತ್ತು. ಮೂರು ಕಂತಿಗೆ ಅನಂತಯ್ಯ ಹೋದ, ಅಪ್ಪನ ದನಿ ಹೋಯಿತು. ಕೊನೆಯ ಕಂತಿಗೆ ಅಂಟಿಕೊಂಡಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಅಮ್ಮನ ಬಾಯಲ್ಲಿ ತನ್ನ ಹೆಸರು ಉಳಿಯುತ್ತದೋ ಇಲ್ಲವೋ, ಹೆಸರಿನ ಹಿಂದೆಯೇ ತಾನೂ ಹೋಗಿಬಿಡುತ್ತೇನೋ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಯತಿರಾಜ್ ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಅನಂತಯ್ಯನ ನೂರನೆಯ ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು, ನಾಡಿಗೆಲ್ಲ 'ಮೇಷ್ಟ್ರ ಬಾಡಿಗೆ ಮನೆ' ತೋರಿಸುವುದಾಗಿ ಮಾತು ಕೊಟ್ಟಿದ್ದರು. ನಡುವಿನ ಕಂತುಗಳನ್ನು ಬೇರೆ ಬೇರೆ ಜನ ಕೊಟ್ಟಿದ್ದರು. ಕೊನೆಯದು ಸ್ಪಷ್ಟವಾಗಿ ಇದ್ದದ್ದು ಗಿರಿಜಾಂಬನವರ ತಲೆಯಲ್ಲಿ ಮಾತ್ರ.

"ಇಬ್ಬರನ್ನ ನೋಡಿ ಯಂತ್ರದ ಮೇಲೆ ಅಪವಾದ ಹೊರಿಸೋಕಾಗಲ್ಲ ಇಂಚರ. ಪರೀಕ್ಷೆ ಮಾಡೋಣ. ಚಲುವಯ್ಯನವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸು."

"ಅಲ್ಲೀವರೆಗೂ ಅಮ್ಮನ್ನ ಮುಟ್ಟಬಾರದು ಸಾರ್."

"ನಿಮ್ಮಮ್ಮನ ಒಪ್ಪಿಗೆ ಇಲ್ಲದೆ ನಾನು ಏನೂ ಮಾಡಲ್ಲ," ಎಂದರು ಯತಿರಾಜ್. ಆ ಮಾತಿನಲ್ಲಿ ಒಂದು ಕಳ್ಳದಾರಿಯಿರುವುದು ಅವಳಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಆಸ್ಪತ್ರೆಯಲ್ಲಿ ಚಲುವಯ್ಯ ಹೆಂಡತಿಯ ಪಕ್ಕ ಮರ್ಯಾದೆಯಾಗಿ ಒಂದು ಕುರ್ಚಿ ಬಿಟ್ಟು ಕುಳಿತಿದ್ದರು. ಸ್ಕ್ಯಾನಿನ ಚಿತ್ರ ಬಂತು. ಇಂಚರ ಅದನ್ನು, ಯಂತ್ರಕ್ಕೆ ಕೂರಿಸುವ ಮೊದಲು ತೆಗೆದಿದ್ದ ಹಳೆಯದರ ಪಕ್ಕ ಹಿಡಿದು ನೋಡಿದಳು. ಮಿದುಳಿನಲ್ಲಿ ಗಾಯವಿಲ್ಲ, ಊತವಿಲ್ಲ. ಒಂದು ಕಡೆ ಮಾತ್ರ ನರಗಳ ನಡುವಿನ ಕೊಂಡಿಗಳು ಬಿಚ್ಚಿಹೋಗಿದ್ದವು. ಅನುಮಾನ ಉಳಿಯಲಿಲ್ಲ. ಯತಿರಾಜರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮನೆಗೆ ಮಾಡಿದಳು. ಅಲ್ಲೂ ಎತ್ತಲಿಲ್ಲ. ಎದುರುಮನೆಯ ಶಕುಂತಲಾಗೆ ಮಾಡಿದಾಗ ಅವಳು ಸಂಭ್ರಮದಿಂದ ಹೇಳಿದಳು, "ನಿಮ್ಮಮ್ಮನ್ನ ಕರ್ಕೊಂಡು ಹೋಗೋಕೆ ನಿಮ್ಮ ಆಫೀಸಿಂದ ಕಾರೇ ಬಂದಿತ್ತಲ್ಲ ಇಂಚರ! ಸಿಲ್ಕ್ ಸೀರೆ ಉಟ್ಕೊಂಡು ಹೋದ್ರು. 'ನನ್ನ ಮಗಳ ಕೆಲಸಕ್ಕೆ ನಾನಲ್ದೆ ಇನ್ಯಾರು ಆಗ್ತಾರೆ' ಅಂದ್ರು."

ಆಟೋದವನಿಗೆ ಏನು ಹೇಳಿದಳೋ, ಅವನು ಎಷ್ಟು ಸಿಗ್ನಲ್ ಹಾರಿಸಿದನೋ ಅವಳಿಗೆ ತಿಳಿಯದು. ದಾರಿಯುದ್ದಕ್ಕೂ ಅಮ್ಮಾ ಬೇಡಮ್ಮಾ ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು. ಆಟೋದವನು ಕನ್ನಡಿಯಲ್ಲಿ ನೋಡಿ ಇನ್ನಷ್ಟು ಜೋರಾಗಿ ಓಡಿಸಿದ.

ನಿಯಂತ್ರಣ ಕೊಠಡಿಯ ಬಾಗಿಲು ತಳ್ಳಿದಾಗ ಪರದೆಯ ಮೇಲೆ ಆಗಲೇ ಮೇಷ್ಟ್ರ ಮನೆ ಮೂಡಿತ್ತು. ಗಾಜಿನಾಚೆ ಗಿರಿಜಾಂಬ ಶಿರಸ್ತ್ರಾಣ ಹಾಕಿಕೊಂಡು ಒರಗಿದ್ದರು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು. ವಠಾರದ ಮುಂದೆ ಹೆಸರು ಸಾರಿದ ಸಂಜೆ ಇಟ್ಟುಕೊಂಡಿದ್ದ ಹಾಗೆಯೇ.

"ನಿಲ್ಸಿ! ಆಫ್ ಮಾಡಿ!"

"ಅವರೇ ಖುಷಿಯಾಗಿ ಒಪ್ಪಿ ಬಂದ್ರು ಇಂಚರ," ಎಂದರು ಯತಿರಾಜ್. ಅವಳು ಸ್ಕ್ಯಾನಿನ ಚಿತ್ರಗಳನ್ನು ಅವರ ಮುಖಕ್ಕೆ ಹಿಡಿದಳು. ಅವರು ನೋಡಿದರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರ ಹಾಗೆ ಅವರ ಕೈ ಸ್ವಿಚ್ಚಿನ ಕಡೆ ಹೋಯಿತು.

ರಿಹಾನಾ ಅಡ್ಡ ಬಂದಳು. "ಸಾರ್, ಬೇಡಿ! ಮಧ್ಯದಲ್ಲಿ ಕರೆಂಟ್ ತೆಗೆದ್ರೆ ಫಿಟ್ಸ್ ಬರುತ್ತೆ. ಈ ವಯಸ್ಸಿನವರಿಗೆ ಜೀವಕ್ಕೇ ಅಪಾಯ. ಅವರೇ ನೆನಪು ಬಿಡಬೇಕು. ಅವರ ಗಮನ ಬೇರೆ ಕಡೆ ಹೋದ್ರೆ ಯಂತ್ರ ತಾನಾಗೇ ಕೈ ಬಿಡುತ್ತೆ."

"ಮೈಕ್ ಕೊಡು," ಎಂದಳು ಇಂಚರ. "ಅಮ್ಮಾ! ಅಮ್ಮಾ, ನಾನು! ಸಾಕು, ಎದ್ದೇಳಮ್ಮಾ!"

ಗಿರಿಜಾಂಬ ಅಲುಗಲಿಲ್ಲ. ಪರದೆಯಲ್ಲಿ ಮಗಳು ಟ್ರಂಕು ಎತ್ತಿಕೊಂಡಳು. ಮೇಷ್ಟ್ರು ಹೊಸ್ತಿಲಿಗೆ ಬಂದರು. ಇಂಚರ ಮತ್ತೆ ಕೂಗಿದಳು, ಅತ್ತಳು, ದೇವರ ಮೇಲೆ ಆಣೆಯಿಟ್ಟಳು. ಪ್ರಯೋಜನವಾಗಲಿಲ್ಲ. ಅನಂತಯ್ಯನ ಧಾರಾವಾಹಿ ಬರುವಾಗ ಯಾರು ಕರೆದರೂ ಅಮ್ಮ ಏಳುತ್ತಿರಲಿಲ್ಲವಂತೆ. ವಠಾರಕ್ಕೆ ವಠಾರವೇ ಹೇಳುತ್ತಿದ್ದ ಮಾತದು. ಬಾಗಿಲಲ್ಲಿ ನೆಂಟರು ನಿಂತರೂ ಏಳರು, ಪಕ್ಕದ ಮನೆಯ ಮಗು ಅತ್ತರೂ ಏಳರು.

ಪರದೆಯಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು. ಹಾಕಿಕೊಳ್ಳದೆ ಕೈಯಲ್ಲೇ ಹಿಡಿದರು. ಮಗಳು ಹೋಗುವುದು ಕಾಣದಿರಲಿ ಎಂದು. ಭಯದ ಮಧ್ಯೆಯೂ ಇಂಚರಳಿಗೆ, ಅಯ್ಯೋ ಎಂಥ ನಟ ಎನಿಸಿತು. ಅಮ್ಮ ಜೀವಮಾನವಿಡೀ ಹೇಳಿದ್ದು ಸುಳ್ಳಲ್ಲ. ಅನಂತಯ್ಯ ತುಟಿ ತೆರೆದ.

ಆಗ ಒಂದು ಮಾತು ತಾನೇ ತಾನಾಗಿ ಅವಳ ಬಾಯಿಗೆ ಬಂತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಚೀರಿದಳು, "ಅಮ್ಮಾ! ಹಾಲು ಉಕ್ತಿದೆ!"

ಗಿರಿಜಾಂಬ ಥಟ್ಟನೆ ಎದ್ದು ಕುಳಿತರು. ಕಣ್ಣು ಬಿಡುವ ಮೊದಲೇ ಕಾಲು ನೆಲಕ್ಕೆ ಇಳಿಯಿತು. ಶಿರಸ್ತ್ರಾಣ ಕಿತ್ತು ಪಕ್ಕಕ್ಕೆ ಎಸೆದು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಬಾಗಿಲಿಗೇ ಬಂದುಬಿಟ್ಟರು. ಯಂತ್ರ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಆದರೆ ಅದಕ್ಕೆ ಅರೆಗಳಿಗೆ ಮೊದಲೇ, ಹಾಜರಿ ಕೂಗುವ ಆ ದನಿ ಕೊಠಡಿಯಲ್ಲಿ ಕೇಳಿಸಿತ್ತು. "ಇಂಚರ!" ಎಂದಿದ್ದರು ಮೇಷ್ಟ್ರು. ಮಗಳು ತಿರುಗುವಷ್ಟರಲ್ಲಿ ಪರದೆ ಬೆಳ್ಳಗಾಗಿತ್ತು.

"ಗ್ಯಾಸ್ ಆರಿಸೋಕೆ ಆಗಲ್ವೇನೇ ನಿಂಗೆ? ಎಲ್ಲಕ್ಕೂ ನಾನೇ ಬರ್ಬೇಕು!" ಗಿರಿಜಾಂಬ ಬಾಗಿಲಲ್ಲಿ ನಿಂತು ಬೈದರು. ಆಮೇಲೆ ಒಲೆಯೂ ಹಾಲೂ ಇಲ್ಲದ ಕೋಣೆಯನ್ನು ನೋಡಿ ಕಕ್ಕಾಬಿಕ್ಕಿಯಾದರು. ಇಂಚರ ಓಡಿ ಹೋಗಿ ಅಪ್ಪಿಕೊಂಡಳು. ಬೈಗುಳ ಅಷ್ಟು ಸಿಹಿಯಾಗಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ನೀವು ಎನ್ನಲಿಲ್ಲ, ಯಾರ ಪೈಕಿ ಎಂದು ಕೇಳಲಿಲ್ಲ. 'ಏನೇ' ಎಂದರಲ್ಲ, ಸಾಕು ಎನಿಸಿತು.

ಯಂತ್ರಕ್ಕೆ ಬೀಗ ಬಿತ್ತು. ಯತಿರಾಜ್ ತಾವೇ ನಿಂತು ಬೀಗ ಹಾಕಿಸಿ, ನಡೆದದ್ದನ್ನು ಎಲ್ಲರಿಗೂ ಹೇಳಿ, ದೇವೀರಮ್ಮನವರ ಮನೆಗೆ ಹೋಗಿ ಕೈಮುಗಿದು ಬಂದರು. ಕೈಮುಗಿದರೆ ಚಲುವಯ್ಯನಿಗೆ ಹೆಂಡತಿಯ ಗುರುತು ಹತ್ತುವುದುಂಟೆ?

ಮನೆಯಲ್ಲಿ ಎಲ್ಲ ಮೊದಲಿನಂತೆಯೇ ಇತ್ತು. ಗಿರಿಜಾಂಬ ಹುಳಿ ಮಾಡಿದರು, ಬಾಗಿಲಿಗೆ ರಂಗೋಲಿ ಹಾಕಿದರು, ಮಗಳು ತಡವಾಗಿ ಬಂದರೆ ಗದರಿದರು. "ಏ ಇವಳೇ, ಊಟಕ್ಕೆ ಬಾ." "ಇವಳೇ, ಸೀರೆ ಒಳಗೆ ತಂದ್ಯಾ?" ಇವಳೇ ಎಂದು ಕರೆಯದ ತಾಯಿ ಯಾವ ಮನೆಯಲ್ಲಿದ್ದಾಳೆ? ಇಂಚರ ಪ್ರತಿ ಸಲವೂ ಕಿವಿಯೊಡ್ಡಿ ಕಾದಳು. ನೆಂಟರ ಫೋನು ಬಂದಾಗ "ನನ್ನ ಮಗಳು ಇಲ್ಲೇ ಇದ್ದಾಳೆ, ಕೊಡ್ತೀನಿ" ಎಂದರು. ಎದುರುಮನೆ ಶಕುಂತಲಾ "ಇಂಚರ ಬಂದ್ಲಾ?" ಎಂದು ಕೇಳಿದ ದಿನ ಅಮ್ಮ ಒಂದು ಗಳಿಗೆ ತಡೆದು, "ಯಾರು? ಓ, ನಮ್ಮನೇವಳಾ" ಎಂದು ನಕ್ಕರು. ಅಡಿಗೆಮನೆಯಲ್ಲಿದ್ದ ಇಂಚರಳ ಕೈಯಿಂದ ಸೌಟು ಜಾರಿತು.

ಅನಂತಯ್ಯನ ಹುಟ್ಟುಹಬ್ಬದ ಸಂಜೆ ಸಿಕ್ಕಷ್ಟನ್ನು ಟೀವಿಯಲ್ಲಿ ತೋರಿಸಿದರು. ಯಾರಿಂದ ಬಂದದ್ದು, ಅವರು ಅದಕ್ಕೆ ಏನು ತೆತ್ತರು ಎನ್ನುವುದನ್ನೂ ಮೊದಲಿಗೇ ಹೇಳಿದರು. ಗಿರಿಜಾಂಬ ಅದನ್ನು ಕೇಳಿಸಿಕೊಳ್ಳಲಿಲ್ಲ, ಒಳಗೆ ಕಾಫಿ ಸೋಸುತ್ತಿದ್ದರು. ಕೊನೆಯ ಕಂತಿನ ಹೊತ್ತಿಗೆ ಲೋಟ ಹಿಡಿದು ಬಂದು ಮಗಳ ಪಕ್ಕ ಕುಳಿತರು. ಮೇಷ್ಟ್ರು ಕನ್ನಡಕ ಒರೆಸಿ ಕೈಯಲ್ಲೇ ಹಿಡಿದಾಗ ಅವರ ಮೊಣಕೈ ಮೆಲ್ಲಗೆ ಇಂಚರಳನ್ನು ತಿವಿಯಿತು.

"ನೋಡೇ, ಹಾಕ್ಕೊಳ್ಳಲಿಲ್ಲ ನೋಡು ಕನ್ನಡಕ. ಭಾರಿ ನಟ ಕಣೇ ಇವ್ನು. ಯಾರಂತೆ?"

"ಅನಂತಯ್ಯ ಅಂತ," ಎಂದಳು ಇಂಚರ.

ಮೇಷ್ಟ್ರು ಹೆಸರು ಕೂಗಿದರು. ಪರದೆ ಬೆಳ್ಳಗಾಯಿತು. ಗಿರಿಜಾಂಬ ಕಾಫಿ ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಂಚರ," ಎಂದರು, ರುಚಿ ನೋಡುವವರ ಹಾಗೆ. "ಎಷ್ಟು ಚೆನ್ನಾಗಿದೆ ಅಲ್ವೇನೇ ಹೆಸರು? ನಿಂಗೂ ಅದನ್ನೇ ಇಡಬೇಕಿತ್ತು."

ಇಂಚರ ಅಮ್ಮನ ಕೈ ಹಿಡಿದುಕೊಂಡಳು. "ಈಗ ಇಡಮ್ಮ."

"ಹೋಗೇ, ಈ ವಯಸ್ಸಲ್ಲಿ ಯಾರಾದ್ರೂ ಹೆಸರು ಬದಲಾಯಿಸ್ತಾರಾ?" ಗಿರಿಜಾಂಬ ನಕ್ಕು ಮಗಳ ಕೆನ್ನೆ ತಟ್ಟಿದರು. "ಇರೋ ಹೆಸರೇ ಚೆನ್ನಾಗಿದೆ ಬಿಡು."

ಇರುವ ಹೆಸರು ಯಾವುದಮ್ಮ ಎಂದು ಕೇಳಲು ಇಂಚರಳಿಗೆ ಧೈರ್ಯ ಬರಲಿಲ್ಲ.